ಟಗರಿನ ಬೆನ್ನು ಒತ್ತುವ ಕ್ಯಾತಪ್ಪ

ಐ.ಡಿ.ಹಳ್ಳಿಯ ಕಡೆಯವರು ಕುರಿ ಕೊಳ್ಳಲು ಹೊರಟರೆ ಮೊದಲು ಕ್ಯಾತಪ್ಪನ ಮನೆಗೆ ಬರುತ್ತಿದ್ದರು. ಟಗರಿನ ಬೆನ್ನಿನ ಮೇಲೆ, ಪಕ್ಕೆಲುಬು ಮುಗಿಯುವ ಜಾಗದಲ್ಲಿ, ಹೆಬ್ಬೆರಳು ಊರಿ ಒಮ್ಮೆ ಒತ್ತಿದನೆಂದರೆ ಒಳಗೆ ಕಿಡ್ನಿಯ ಸುತ್ತ ಎಷ್ಟು ಕೊಬ್ಬು ಕಟ್ಟಿದೆಯೆಂದು ಅವನು ಹೇಳಿಬಿಡುತ್ತಿದ್ದ. ಕೊಯ್ದು ನೋಡಿದರೆ ಮಾತು ತಪ್ಪುತ್ತಿರಲಿಲ್ಲ. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೂವತ್ತು ವರ್ಷ ಟಗರುಗಳನ್ನು ಒತ್ತಿ ಒತ್ತಿ, ಉಸಿರಾಡುವ ಪ್ರಾಣಿಯೆಲ್ಲ ತನ್ನ ಹೆಬ್ಬೆರಳಿನ ಅಳತೆಗೆ ಸಿಕ್ಕಿದೆಯೆಂಬ ಭ್ರಮೆ ಅವನಿಗೆ ಹತ್ತಿತ್ತು. ಮದುವೆ ಮನೆಗಳಲ್ಲಿ ಬೀಗರ ಸೊಂಟ ನೋಡಿಯೂ ತೂಕ ಹೇಳುತ್ತಿದ್ದ. ತಾನು ಮಾತ್ರ ಕಡ್ಡಿ ಕಾಲಿನ, ಒಣಕಲು ತೋಳಿನ ಮನುಷ್ಯ. ಮುಂದಕ್ಕೆ ಬಂದಿದ್ದ ಮಡಕೆ ಹೊಟ್ಟೆ ಟವೆಲಿನ ಮರೆಯಲ್ಲಿದ್ದುದರಿಂದ ಅದು ಇಲ್ಲವೆಂದೇ ಅವನ ತೀರ್ಮಾನ.

ಹೊಟ್ಟೆನೋವೆಂದು ಮಧುಗಿರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಎಡ ಕಿಡ್ನಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತು. ಬಲಗಡೆಯದು ಹಿಂದೆಯೇ ಕಲ್ಲುಗಳಿಂದ ಸೊರಗಿಹೋಗಿತ್ತು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ತೇಜಸ್ವಿನಿ ಬಿಡಿಸಿ ಹೇಳಿದರು. ಗಡ್ಡೆಯಿರುವ ಭಾಗವನ್ನಷ್ಟೇ ಕತ್ತರಿಸಿ, ಉಳಿದದ್ದನ್ನು ಹೊಲಿದು ಕಾಪಾಡಬೇಕು. ಇಡೀ ಕಿಡ್ನಿ ಹೋದರೆ ಬದುಕಿರುವಷ್ಟು ದಿನ ಡಯಾಲಿಸಿಸ್.

"ಒಂದು ತೊಂದರೆ ಇದೆ, ಕ್ಯಾತಪ್ಪನವರೇ. ನಿಮ್ಮ ಕಿಡ್ನಿ ಸುತ್ತ ಕೊಬ್ಬು ದಪ್ಪ ಇದೆ. ಸ್ಕ್ಯಾನ್ ನೋಡಿದ್ರೆ ಅಂಟಿಕೊಂಡಿರೋ ಹಾಗಿದೆ. ಬಿಡಿಸದೆ ಗಡ್ಡೆ ಎಲ್ಲಿ ಮುಗಿಯುತ್ತೆ ಅಂತ ಕಾಣಲ್ಲ, ಬಿಡಿಸೋಕೆ ಹೋದ್ರೆ ರಕ್ತ. ಕೈಮೀರಿದ್ರೆ ಪೂರ್ತಿ ತೆಗೀಬೇಕಾಗುತ್ತೆ. ಅದಕ್ಕೂ ಒಪ್ಪಿ ಸಹಿ ಹಾಕಿ."

ಕ್ಯಾತಪ್ಪ ನಕ್ಕುಬಿಟ್ಟ. "ಕೊಬ್ಬಾ? ನಂಗಾ? ಇಲ್ನೋಡಿ ಡಾಕ್ಟ್ರಮ್ಮ, ಮೈಮ್ಯಾಲೆ ಒಂದ್ ಚಿಟಿಕೆ ಸಿಕ್ಕಾಕಿಲ್ಲ. ಇಗೋ, ಈ ನಮ್ ಬಾಮೈದ ಗೋಪಾಲಂದು ಫೋಟ ನಂದ್ರೊಳೀಕೆ ಸೇರ್ಕಂಡೈತಾ ನೋಡ್ರಿ."

"ಮಿಷಿನ್ನೊಳಗೆ ಮಲಗಿದ್ದು ನೀನೇ ಕಣ್ ಭಾವ," ಎಂದ ದಪ್ಪ ಮೈಯ ಗೋಪಾಲ, ಸಂತೋಷವನ್ನು ಅಷ್ಟೇನೂ ಮುಚ್ಚಿಡದೆ.

"ಹೊರಗೆ ತೆಳ್ಳಗಿದ್ರೂ ಒಳಗೆ ಕಟ್ಟಿರಬಹುದು. ಬಿಪಿ ಇರೋ ಗಂಡಸರಲ್ಲಿ ಹೀಗೆ ಅಂಟೋದು ಹೆಚ್ಚು," ಎಂದರು ಡಾಕ್ಟರು.

"ಕಿಡ್ನಿ ಕೊಬ್ಬು ಉಗುರಾಕಿದ್ರೆ ಬಿಚ್ಕಂತದೆ. ಬಿಡಿಸಕ್ ಬರ್ದೇ ಇದ್ರೆ ಬರಾಕಿಲ್ಲ ಅನ್ರಿ," ಎಂದು ಹೇಳಿ ಕ್ಯಾತಪ್ಪ ಸಹಿ ಹಾಕದೆ ಊರಿಗೆ ಹೊರಟುಹೋದ.

ಮೂರನೆಯ ದಿನ ಮತ್ತೆ ಬಂದ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಮಾಂಸದಂಗಡಿಯಿಂದ ತಂದ ಕುರಿಯ ಕಿಡ್ನಿಯನ್ನು ಕೊಬ್ಬಿನ ಸಮೇತ ಡಾಕ್ಟರ ಮೇಜಿನ ಮೇಲಿಟ್ಟ. ಹೆಂಡತಿ ಗಿರಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕ್ಯಾತಪ್ಪ ಉಗುರು ಹಾಕಿ ಹೆಬ್ಬೆರಳಿನಿಂದ ಒಂದು ಸಲ ನೂಕಿದ. ಬಿಳಿಯ ಕೊಬ್ಬು ಟೋಪಿ ಕಳಚಿದಂತೆ ಕಳಚಿ, ಕಿಡ್ನಿ ನುಣ್ಣಗೆ ಹೊಳೆಯಿತು.

ಡಾಕ್ಟರು ಬೈಯಲಿಲ್ಲ, ಬಗ್ಗಿ ನೋಡಿದರು. "ಎಷ್ಟು ವಯಸ್ಸಿನ ಕುರಿ?"

"ಆರ್ ತಿಂಗ್ಳು ಮರಿ."

"ಎಲ್ಲದರಲ್ಲೂ ಹೀಗೇ ಬರುತ್ತಾ?"

ಕ್ಯಾತಪ್ಪ ಉಗುರಿಗಂಟಿದ ಕೊಬ್ಬನ್ನು ಟವೆಲಿಗೆ ಒರೆಸಿಕೊಂಡ. ಜಮೀನಿನ ವಿಷಯದಲ್ಲಿ, ವಯಸ್ಸಿನ ವಿಷಯದಲ್ಲಿ ಅವನು ಧಾರಾಳವಾಗಿ ಸುಳ್ಳು ಹೇಳಬಲ್ಲವನು. ಕುರಿಯ ವಿಷಯದಲ್ಲಿ ನಾಲಗೆ ಹೊರಳುತ್ತಿರಲಿಲ್ಲ. ತನ್ನೂರಿನ ಓಬಳಯ್ಯನ ಟಗರು ಕಣ್ಣ ಮುಂದೆ ಬಂತು. ಆರು ವರ್ಷ ಕಟ್ಟಿಹಾಕಿ ಹುರುಳಿ, ಬೂಸಾ ತಿನ್ನಿಸಿ ಸಾಕಿದ ಟಗರು. ಅದನ್ನು ಕೊಯ್ದಾಗ ಕೊಬ್ಬು ಗೋಂದಿನ ಹಾಗೆ ಹಿಡಿದಿತ್ತು. ಎಳೆದರೆ ಕಿಡ್ನಿಯ ಮೇಲಿನ ಪೊರೆಯೇ ಚಿಂದಿಯಾಗಿ ಬಂದಿತ್ತು.

"ಕೆಲವು ಬರಾಕಿಲ್ಲ," ಎಂದ.

"ಎಂಥವು?"

"ವಯಸ್ಸಾಗಿರೋವು. ಕುಂತಲ್ಲೇ ತಿಂದಿರೋವು."

"ಬೆನ್ನು ಒತ್ತಿದ್ರೆ ಗೊತ್ತಾಗುತ್ತಾ?"

"ಎಷ್ಟೈತೆ ಅಂತ ಗೊತ್ತಾಯ್ತದೆ. ಅಂಟ್ಕಂಡೈತಾ ಅನ್ನೋದು ಕೊಯ್ದಾಗ್ಲೇ." ಅವನ ಕೈ ತಾನಾಗಿ ತನ್ನ ಎಡ ಬೆನ್ನಿಗೆ ಹೋಯಿತು.

"ಕಾಗ್ದ ಕೊಡಮ್ಮ," ಎಂದಳು ಗಿರಿಯಮ್ಮ. "ಈಗ ಹಾಕ್ತಾರೆ."

ಹಾಕಿದ. ಮೂರೇ ಅಕ್ಷರದ ಹೆಸರು ಅಂದು ಬಹಳ ಉದ್ದವಾಗಿತ್ತು.

ಆಪರೇಷನ್ನಿಗೆ ಮೂರು ಗಂಟೆ ಹಿಡಿಯುತ್ತದೆ ಎಂದಿದ್ದರು, ಐದು ಗಂಟೆ ಹಿಡಿಯಿತು. ಹೊರಗೆ ಗಿರಿಯಮ್ಮ ಬಾಗಿಲಿನ ಮೇಲೆ ನೆಟ್ಟ ಕಣ್ಣನ್ನು ಕದಲಿಸಲಿಲ್ಲ. ಗೋಪಾಲ ತಂದುಕೊಟ್ಟ ಕಾಫಿ ಆರಿ ಕೆನೆ ಕಟ್ಟಿತು. ಕೊನೆಗೆ ಡಾಕ್ಟರು ಬಂದರು. "ಗಡ್ಡೆ ಹೋಯ್ತಮ್ಮ. ಕಿಡ್ನಿ ಉಳೀತು. ಕೊಬ್ಬು ಬಿಡಿಸೋಕೇ ಎರಡು ಗಂಟೆ ಹಿಡೀತು. ಗಡ್ಡೆ ಮೇಲಿದ್ದದ್ದು ಬರಲೇ ಇಲ್ಲ, ಗಡ್ಡೆ ಜೊತೆಗೇ ತೆಗೆದ್ವಿ." ಗಿರಿಯಮ್ಮ ಕೈಮುಗಿದು, ಆರಿದ ಕಾಫಿಯನ್ನು ಕೆನೆಯ ಸಮೇತ ಕುಡಿದಳು.

ನಾಲ್ಕನೆಯ ದಿನ, ಪಕ್ಕೆಯಲ್ಲಿ ಕೊಳವೆ ಇನ್ನೂ ನೇತಾಡುತ್ತಿರುವಾಗಲೇ, ಕ್ಯಾತಪ್ಪ ಪಕ್ಕದ ಮಂಚದ ಪಾವಗಡದ ಚಿಕ್ಕನರಸಯ್ಯನಿಗೆ ಹೇಳುತ್ತಿದ್ದ: "ಕೊಬ್ಬು ಹೆಂಗ್ ಬಿಡಿಸ್ಬೇಕು ಅಂತ ನಾನ್ ಮೇಜಿನ್ ಮ್ಯಾಲೆ ಇಟ್ಟು ತೋರ್ಸ್ಕೊಟ್ಟೆ ಕಣಯ್ಯ. ಅದಕ್ಕೇ ಉಳೀತು."

ಗಂಜಿ ಬಗ್ಗಿಸುತ್ತಿದ್ದ ಗಿರಿಯಮ್ಮ ತಲೆಯೆತ್ತಲಿಲ್ಲ. "ಹೂಂ ಕಣಣ್ಣ. ಆ ಐದ್ ಗಂಟೆ ಇವ್ರು ಬಾಯ್ ಮುಚ್ಕಂಡ್ ಮಲಗಿದ್ರು ನೋಡು, ಅದಕ್ಕೇ ಉಳೀತು."