ಹಾಜರಿ ಹೇಳಿದ ಪಾಟ್ಲಿ

ಕಳೆದ ವಾರ ಸಾಂಗ್ಲಿಯ ಒಡವೆ ಅಂಗಡಿಯಲ್ಲಿ ಮಾವಶಿಯ (ಅಮ್ಮನ ತಂಗಿ) ಕೈ ಹಿಡಿದುಕೊಂಡು ಕಣ್ಣೀರು ಹಾಕಿದೆ.

ಅವಳ ಕೈಯಲ್ಲಿ ತೀರಿಕೊಂಡ ಅಜ್ಜಿಯ ಪಾಟ್ಲಿ ಇತ್ತು. ಆ ಅಗಲ ಚಿನ್ನದ ಬಳೆ ಕಂಡದ್ದೇ ತಡ, ಅಜ್ಜಿ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಬಳೆಯ ಅಂಚಿಗೆ ಮೆತ್ತಿದ ಜೋಳದ ಹಿಟ್ಟೂ ಕಂಡಿತು. (ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಆದರೆ ಚಿನ್ನ ಸುಳ್ಳು ಹೇಳುತ್ತದೆಯೇ?)

ಮಾವಶಿಯ ಗಂಡ, ನಮ್ಮ ಕಾಕಾ, ಚಿನ್ನದ ವ್ಯಾಪಾರಿ. ಈಗ ಅವರ ಅಂಗಡಿಯ ಒಂದೊಂದು ಒಡವೆಗೂ ದಾರದಲ್ಲಿ ಕಟ್ಟಿದ ಪುಟ್ಟ ಟ್ಯಾಗ್. ಟ್ರೇಯನ್ನು ಯಂತ್ರದ ಮೇಲಿಟ್ಟರೆ ಸಾಕು, ಟ್ಯಾಗಿನೊಳಗಿನ ಚಿಪ್ ರೇಡಿಯೋ ಅಲೆಯಲ್ಲೇ ಹೆಸರು, ತೂಕ ಎಲ್ಲ ಒಪ್ಪಿಸಿಬಿಡುತ್ತದೆ. ಶಾಲೆಯ ಹಾಜರಿಯಂತೆ!

"ತಕ್ಕಡಿ ಇನ್ನ ಮ್ಯೂಸಿಯಂಗೆ ಕೊಡೋದ ನೋಡವಾ," ಎಂದರು ಕಾಕಾ.

ಅಷ್ಟರಲ್ಲಿ ಕವಲಾಪುರದ ಹೆಂಗಸೊಬ್ಬರು ಮಗಳ ಮದುವೆಗೆಂದು ಟ್ರೇಯಲ್ಲಿದ್ದ ಪಾಟ್ಲಿ ಆರಿಸಿದರು.

"ತೂಕಕ್ಕ ಹಾಕ್ರಿ ಮೊದಲ."

"ಅಕ್ಕಾರ, ಕಂಪ್ಯೂಟರ್ ಹೇಳೇತಲ್ರಿ."

"ಅದು ನಿಮ್ಮ ಕಂಪ್ಯೂಟರ್ ರೀ. ನನ್ನ ಮುಂದ ತೂಗ್ರಿ."

ತೂಗಿದರು. ಕಂಪ್ಯೂಟರ್ ಹೇಳಿದ್ದಕ್ಕಿಂತ ಅರ್ಧ ತೊಲೆ ಕಡಿಮೆ! ಕಾಕಾರ ಮುಖ ಬಾಡಿತು.

"ಹಿಂಗ ಎಷ್ಟ ಮಂದೀಗೆ ಮಾರೀರಿ?" ಹೆಂಗಸು ಕೇಳಿಯೇಬಿಟ್ಟರು.

ಮಾವಶಿ ತನ್ನ ಕೈ ನೋಡಿಕೊಂಡಳು. ಟ್ರೇ ನೋಡಿದಳು. "ಅಯ್ಯ! ಮಿರಜದ ಮದವಿಗೆ ಹೋಗೂಮುಂದ ಟ್ಯಾಗ್ ನಾನ ಕತ್ತರಿಸಿದ್ನಿರಿ."

ಮದುವೆಗೆ ಅಂಗಡಿಯ ಒಡವೆ ತೊಟ್ಟು ಹೋಗುವುದು ಆ ಮನೆಯ ಹೆಂಗಸರ ಹಳೇ ರೂಢಿ. ನೋಡಿದವರು ಮರುದಿನ ಅಂಗಡಿಗೆ ಬರುತ್ತಾರೆ. (ನಡೆದಾಡುವ ಜಾಹೀರಾತು.) ಆದರೆ ಮೈಮೇಲೆ ಟ್ಯಾಗ್ ನೇತಾಡಿದರೆ ಮಾನ ಉಳಿದೀತೇ? ಕತ್ತರಿಸಿದಳು. ಬಂದಮೇಲೆ ನೆನಪಿನ ಮೇಲೆ ಮತ್ತೆ ಕಟ್ಟಿದಳು. ಅವತ್ತು ಅದೇ ನಮೂನೆಯ ಅಜ್ಜಿಯ ಪಾಟ್ಲಿಯೂ ಕೈಯಲ್ಲಿತ್ತಲ್ಲ, ಅಂಗಡಿಯ ಟ್ಯಾಗ್ ಅದಕ್ಕೆ ಬಿತ್ತು. ಯಂತ್ರದ ಲೆಕ್ಕದಲ್ಲಿ ಎಲ್ಲರೂ ಹಾಜರ್!

"ನಮ್ಮ ಅವ್ವನ ಪಾಟ್ಲಿ ಮಾರಾಕ ಹೊಂಟಿದ್ರಲ್ಲ!" ಮಾವಶಿ ಗಂಡನ ಮೇಲೇ ಹರಿಹಾಯ್ದಳು.

"ಟ್ಯಾಗ್ ಕಟ್ಟಿದಾಕಿ ನೀನ. ಬೈಸ್ಕೊಳ್ಳಾಂವ ನಾನ?"

ಟ್ರೇಯಲ್ಲಿದ್ದದ್ದನ್ನು ಕಸಿದು ಮಾವಶಿ ಕೈಗೇರಿಸಿಕೊಂಡಳು. "ನೋಡವಾ, ಅವ್ವ ಕೈ ಹಿಡಿದಂಗ ಆತು." (ಇಷ್ಟು ದಿನ ಆ ಕೈ ಏನೂ ಹೇಳಿರಲಿಲ್ಲ.)

ಅವಳು ಕಳಚಿಕೊಟ್ಟದ್ದನ್ನು ತೂಗಿದರು. ಕಂಪ್ಯೂಟರ್ ಹೇಳಿದಷ್ಟೇ ಬಂತು. ಕವಲಾಪುರದವರು ಅದನ್ನೇ ಕೊಂಡು ಹೋದರು.

ಹಾಗಾದರೆ ಅದರ ಅಂಚಿಗೆ ನಾನು ಕಂಡ ಜೋಳದ ಹಿಟ್ಟು ಯಾರ ಮನೆಯದು?