ಗುಬ್ಬವ್ವ ಎಂದರೆ ತಿರುಗಿದವರು

ಗೆಳೆಯರೇ, ಇಂದು ಮಿರಜದ ಮಕ್ಕಳ ತಪಾಸಣಾ ಶಿಬಿರದಲ್ಲಿ ಸಾಯಲಿ ಎಂಬ ನನ್ನ ನರ್ಸಿಂಗ್ ವಿದ್ಯಾರ್ಥಿನಿ ಎರಡು ವರ್ಷದ ಹೆಣ್ಣುಮಗುವನ್ನು "ಆರಾಧ್ಯಾ" ಎಂದು ಮೂರು ಬಾರಿ ಕರೆದಳು. ಮಗು ತಿರುಗಲಿಲ್ಲ. ಆಟಿಸಂ ಪ್ರಶ್ನಾವಳಿಯಲ್ಲಿ "ಹೆಸರು ಕರೆದರೆ ನೋಡುತ್ತದೆಯೇ?" ಎಂಬುದರ ಮುಂದೆ "ಇಲ್ಲ" ಎಂದು ಬರೆಯಲು ಅವಳು ಪೆನ್ನು ಎತ್ತಿದಳು. ಹತ್ತಿರದ ಸಲಗರೆ ಹಳ್ಳಿಯಿಂದ ಮಗುವನ್ನು ಕರೆತಂದಿದ್ದ ಅಜ್ಜಿಯ ಮುಖ ಸಣ್ಣದಾಯಿತು.

"ಆಯೀ, ಮನ್ಯಾಗ ಕೂಸಿಗೆ ಏನಂತ ಕರೀತೀರಿ?" ಎಂದು ನಾನು ಕೇಳಿದೆ.

"ಆ ಹೆಸರು ಆಧಾರ ಕಾರ್ಡಿಗಿ ಇಟ್ಟದ್ದರಿ. ಮನ್ಯಾಗ ಗುಬ್ಬವ್ವ ಅಂತೇವಿ."

ಸಾಯಲಿ ತನ್ನ ಮರಾಠಿ ನಾಲಿಗೆಯಲ್ಲೇ "ಗುಬ್ಬವ್ವಾ!" ಎಂದಳು. ಮಗು ತಟ್ಟನೆ ತಿರುಗಿ ನಕ್ಕಿತು. ನಮ್ಮೊಡನೆ ಎಂದೂ ಮರಾಠಿ ಬಿಟ್ಟು ಬೇರೆ ಮಾತಾಡದ ಹಿರಿಯ ಡಾಕ್ಟರ್ ಮೇಡಂ ಕೂಡ ಪಕ್ಕದ ಮೇಜಿನಿಂದ ತಿರುಗಿ, "ಯಾಕ್ರಿ, ನನ್ನ ಕರದ್ರೇನು?" ಎಂದರು.

ಸಾಯಲಿ ಪ್ರಶ್ನೆಗಳನ್ನು ಮೊದಲಿನಿಂದ ಕೇಳತೊಡಗಿದಳು. ಅದಕ್ಕೂ ಮುನ್ನ ಹಾಳೆಯ ನೆತ್ತಿಯಲ್ಲಿ ತಾನಾಗಿಯೇ ಒಂದು ಸಾಲು ಸೇರಿಸಿದಳು: "ಮನೆಯಲ್ಲಿ ಕರೆಯುವ ಹೆಸರು?" ಈ ಹುಡುಗಿ ಒಳ್ಳೆಯ ನರ್ಸ್ ಆಗುತ್ತಾಳೆ.

ಮೇಡಂ ಅವರಿಗೆ ಮಾತ್ರ ಆ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ. ಉತ್ತರ ಈಗ ಇಡೀ ಶಿಬಿರಕ್ಕೆ ಗೊತ್ತು.