ತಾತನ ಪುಟದಿಂದ ಹೊರಟ ಸಂದೇಶ

ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಕೊಂಡಿ ಎಂದೇ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೆ ಅದನ್ನು ಅಲ್ಲಿ ಯಾರಿಟ್ಟರು, ಯಾಕಿಟ್ಟರು ಎಂಬಲ್ಲಿಂದ ಶುರು ಮಾಡುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿದ್ದದ್ದು ತಳ ಹಿಡಿದಿರುತ್ತದೆ.

ಇವಳು ಪ್ರೋಗ್ರಾಂ ಬರೆಯುವುದೂ ಹಾಗೇ. ಕಂಪ್ಯೂಟರಿನಲ್ಲಿ ತನಗೊಬ್ಬಳಿಗೇ ಎಂದು ಒಂದು ವಿಕಿ ಇಟ್ಟುಕೊಂಡಿದ್ದಾಳೆ. ಒಂದೊಂದು ವಿಷಯಕ್ಕೆ ಒಂದೊಂದು ಪುಟ, ಪುಟದಿಂದ ಪುಟಕ್ಕೆ ಕೊಂಡಿ. ಪ್ರತಿ ಪುಟದಲ್ಲೂ ಮೊದಲು ಮನೆಮಾತಿನಲ್ಲಿ ಏನು, ಯಾಕೆ ಎಂಬ ವಿವರ. ಅದರ ಕೆಳಗೆ ನಾಲ್ಕು ಸಾಲು ಕೋಡ್. ಗುಂಡಿ ಒತ್ತಿದರೆ ಕೊಂಡಿಗಳ ಜಾಡು ಹಿಡಿದು ಎಲ್ಲ ಪುಟಗಳ ಕೋಡೂ ಒಂದುಗೂಡಿ ಪ್ರೋಗ್ರಾಂ ಸಿದ್ಧ. "ಕಾರಣ ಬರೀದೇ ಇದ್ರೆ ನನಗೆ ಕೋಡೇ ಹೊಳೆಯಲ್ಲ ಚಿಕ್ಕಮ್ಮ" ಅನ್ನುತ್ತಾಳೆ.

ಹಲ್ಲಿನ ಕ್ಲಿನಿಕ್ಕಿನಲ್ಲಿ ಫೋನೆತ್ತುವ ಕೆಲಸ ನನ್ನದು. ಬರುವವರಿಗೆ ಸಮಯ ಕೊಡಲು, ಅವರ ಫೋನಿಗೆ ನೆನಪಿನ ಸಂದೇಶ ಕಳಿಸಲು ಅಲ್ಲೊಂದು ಪ್ರೋಗ್ರಾಂ ಬೇಕಿತ್ತು. ನನ್ನ ಮಾತಿಗೆ ಕಟ್ಟುಬಿದ್ದು ಡಾಕ್ಟರಮ್ಮ ಕೊಂಡಿಯನ್ನು ಒಂದು ತಿಂಗಳ ಮಟ್ಟಿಗೆ ಇಟ್ಟುಕೊಂಡರು. ವಿಕಿ ನೋಡಿ ಮೂಗು ಮುರಿದರು.

"ಇದೇನಮ್ಮಾ, ಕಥೆ ಬರೀತಿದ್ದೀಯಾ? ಏನಾದ್ರೂ ಎಡವಟ್ಟಾದ್ರೆ ಅಂಗಡಿಯಲ್ಲಿ ಸಿಗೋದನ್ನೇ ತಂದು ಹಾಕಿಸ್ತೀನಿ."

ಹಿಂದೆ ಇವಳು ಕೆಲಸಕ್ಕಿದ್ದ ಇನ್ನೊಂದು ಕಡೆಯವರು ವಿಕಿ ಬಿಟ್ಟು ಎಲ್ಲರ ಹಾಗೆ ಬರೆ ಎಂದಿದ್ದರು. ಅಲ್ಲಿ ಈ ಹುಡುಗಿ ಒಂದು ಸಾಲೂ ಹೊಳೆಯದೆ ಮಂಕಾಗಿ ಕೂತಿದ್ದಳು. ಇಲ್ಲೂ ಹಾಗಾದರೆ ಈ ಕಸುಬನ್ನೇ ಬಿಡುತ್ತೇನೆ ಎಂದಿದ್ದಳು.

ಒಂದು ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಫೋನು ಬಡಿದುಕೊಳ್ಳತೊಡಗಿತು. ಮೊದಲ ಕರೆ ಒಬ್ಬ ವಕೀಲರದು.

"ಏನ್ರೀ ಇದು? 'ತಾತಾ, ಹಲ್ಲುಸೆಟ್ಟು ಬಾಯಲ್ಲಿದೆಯಾ? ಇಲ್ಲದಿದ್ರೆ ಜೇಬು ನೋಡ್ಕೋ' ಅಂತ ಬಂದಿದೆ! ನನಗಿನ್ನೂ ಮದುವೇನೇ ಆಗಿಲ್ಲ!"

ಆ ತಾತ ನಮ್ಮಪ್ಪ. ಹಲ್ಲುಸೆಟ್ಟು ಜೇಬಿನಲ್ಲಿಟ್ಟುಕೊಂಡು ಮನೆಯೆಲ್ಲ ತಡಕುವ ಮಹಾಶಯರು. ಅವರ ಫೋನಿಗೆ ದಿನಾ ಈ ಸಂದೇಶ ಹೋಗುವಂತೆ ಕೊಂಡಿ ಮನೆಯ ಪುಟವೊಂದರಲ್ಲಿ ಮಾಡಿಟ್ಟಿದ್ದಳು. ಸಂದೇಶ ಚಿಕ್ಕದಾಗಿ ಯಾಕಿರಬೇಕೆಂದು ಕ್ಲಿನಿಕ್ಕಿನ ಪುಟದಲ್ಲಿ ವಿವರಿಸುವಾಗ ತಾತನ ಉದಾಹರಣೆ ಕೊಟ್ಟಿದ್ದಾಳೆ. ಕೈ ಸುಮ್ಮನಿರದೆ ಆ ಪುಟಕ್ಕೂ ಕೊಂಡಿ ಹಾಕಿದ್ದಾಳೆ. ಗುಂಡಿ ಒತ್ತಿದಾಗ ತಾತನ ಕೋಡೂ ಬಂದು ಸೇರಿಕೊಂಡು, ಆ ಸಂದೇಶ ಕ್ಲಿನಿಕ್ಕಿಗೆ ಬರುವವರಿಗೆಲ್ಲ ಹೋಗಿದೆ. ಕರೆ ಮಾಡಿದವರಿಗೆಲ್ಲ ಕ್ಷಮೆ ಕೇಳಿ ಕೇಳಿ ನನ್ನ ಗಂಟಲು ಒಣಗಿತು. ಒಬ್ಬ ಅಜ್ಜ ಮಾತ್ರ ಧನ್ಯವಾದ ಹೇಳಿದರು. ಅವರದು ಜೇಬಿನಲ್ಲೇ ಇತ್ತಂತೆ.

ಡಾಕ್ಟರಮ್ಮ ಕೆಂಡಾಮಂಡಲವಾಗಿ ಬಂದರು. ಕೊಂಡಿ ವಾದ ಮಾಡದೆ ಪರದೆಯನ್ನು ಅವರ ಕಡೆ ತಿರುಗಿಸಿದಳು.

"ತಪ್ಪು ಇಲ್ಲೇ ಇದೆ ಮೇಡಂ. ಕೋಡ್ ಬಿಟ್ಬಿಡಿ, ಮೇಲಿರೋದನ್ನಷ್ಟೇ ಓದಿ."

ಬೈಯಲು ನಿಂತವರು ಓದಲು ಕೂತರು. ತಾತನ ಕೊಂಡಿ ಅವರಿಗೇ ಸಿಕ್ಕಿತು. "ಓಹೋ, ಇವನೇ ಕಳ್ಳ!" ಎಂದರು. ಇವಳು ಅದನ್ನು ಕಿತ್ತುಹಾಕಿದಳು. ಡಾಕ್ಟರಮ್ಮ ಏಳಲಿಲ್ಲ.

"ಹಲ್ಲು ಕೀಳಿಸಿಕೊಂಡವರನ್ನ ಮಾರನೇ ದಿನ ವಿಚಾರಿಸೋದು ಅಂತ ಬರ್ದಿದ್ದೀಯಲ್ಲ, ಯಾರು ಹೇಳಿದ್ದು? ರಕ್ತ ಕಂಡು ಹೆದರೋದು ಅವತ್ತು ಸಂಜೆನೇ. ಆಗಲೇ ಕೇಳಬೇಕು."

"ಹಾಗಂತ ನೀವೇ ಬರೀರಿ ಮೇಡಂ."

ಎರಡೇ ಬೆರಳಲ್ಲಿ, ತುಟಿ ಕಚ್ಚಿಕೊಂಡು, ಡಾಕ್ಟರಮ್ಮ ಬರೆದರು. ಕೆಳಗಿನ ಕೋಡನ್ನು ಇವಳು ತಿದ್ದಿದಳು. ಗುಂಡಿಯನ್ನು ಅವರೇ ಒತ್ತಿದರು. ಹೊರಗೆ ಜನ ಕೆನ್ನೆ ಹಿಡಿದು ಕಾಯುತ್ತಿದ್ದರು. ನಾನು ಕೆಮ್ಮಿದೆ, ಬಾಗಿಲು ತಟ್ಟಿದೆ, ಇಬ್ಬರಿಗೂ ಕಿವಿಯೇ ಇಲ್ಲ.

ಅಂದು ಸಂಜೆ, ಬೆಳಿಗ್ಗೆ ಹಲ್ಲು ಕೀಳಿಸಿಕೊಂಡ ಟೀಚರೊಬ್ಬರು ಸಂದೇಶ ನೋಡಿದ ಕೂಡಲೇ ಫೋನು ಮಾಡಿದರು. ರಕ್ತ ನಿಂತಿರಲಿಲ್ಲ, ಯಾರನ್ನು ಕೇಳುವುದೋ ತಿಳಿಯದೆ ಅಳುತ್ತಾ ಕೂತಿದ್ದರಂತೆ. ಹತ್ತಿಯನ್ನು ಹೇಗೆ ಕಚ್ಚಿ ಹಿಡಿಯಬೇಕೆಂದು ಡಾಕ್ಟರಮ್ಮ ನಿಧಾನವಾಗಿ ಹೇಳಿಕೊಟ್ಟರು. ಫೋನಿಟ್ಟು ಕೊಂಡಿಯ ಕಡೆ ತಿರುಗಿದರು.

"ನಾಳೆ ಬೇಗ ಬಾ. ನನ್ನ ತಲೇಲಿ ಇರೋದನ್ನೆಲ್ಲ ಅದರಲ್ಲಿ ಬರೀಬೇಕು."

"ನಾಳೆಗೆ ನನ್ನ ತಿಂಗಳು ಮುಗಿಯುತ್ತೆ ಮೇಡಂ."

"ನಿನ್ನದು ಮುಗಿಯುತ್ತಮ್ಮ. ನಂದು ಈಗಷ್ಟೇ ಶುರುವಾಗಿದೆ."